ಗೇಣಿಗೆ ನೂರು ವರುಷ

ಎರಡನೆಯ ಕೂಸನ್ನು ಆಡಿಸಲು ಮನೆಯಲ್ಲಿ ಆಳು ಸಾಲದೆಂದು ತೋಟಪ್ಪ ಸಾವಕಾರರು ಹನ್ನೊಂದು ವರ್ಷದ ಲಕ್ಷ್ಮಿಯನ್ನು ಶಾಲೆಯ ಆರನೆಯ ಇಯತ್ತೆಯಿಂದ ಬಿಡಿಸಿ ತಮ್ಮ ಮನೆಗೆ ತಂದಿಟ್ಟುಕೊಂಡರು. ಅದು ೧೯೮೮ರ ಜೂನ್ ತಿಂಗಳು. ಅವಳ ಅಪ್ಪ ಶಿವನಪ್ಪ ಅವರಲ್ಲಿ ವರ್ಷದ ಆಳಾಗಿದ್ದ. ಅವನನ್ನು ಯಾರೂ ಕೇಳಲಿಲ್ಲ, ಅವನೂ ಬೇಡವೆನ್ನಲಿಲ್ಲ.

ಆ ಕೂಸು ಬಸವಪ್ರಸಾದ. ಮೂವತ್ತೇಳು ವರ್ಷಗಳ ಮೇಲೆ, ಸೂಡಿಯ ಅದೇ ಮನೆಯ ಪಡಸಾಲೆಯಲ್ಲಿ, ಅವನು ಸುಣ್ಣದ ಬಕೆಟ್ಟು ತಂದು ಲಕ್ಷ್ಮಿಯ ಕಾಲ ಹತ್ತಿರ ಕುಕ್ಕಿದ. ಹಿತ್ತಲಲ್ಲಿ ಅವನ ತಾಯಿ ಗೌರವ್ವನ ಹೆಣಕ್ಕೆ ಹೆಂಗಸರು ನೀರು ಹಾಕುತ್ತಿದ್ದರು.

"ಲಗೂನ ಮುಗಸು. ಅವ್ವನ್ನ ತಂದು ಕುಂದರಸೂದರಾಗ ಗ್ವಾಡಿ ಬೆಳ್ಳಗ ಕಾಣಬೇಕು."

ಲಕ್ಷ್ಮಿ ಗೋಡೆಯತ್ತ ನೋಡಿದಳು. ತಲೆಬಾಗಿಲಿನಿಂದ ಅಡುಗೆಮನೆಯ ಬಾಗಿಲವರೆಗೆ, ಸೊಂಟದ ಎತ್ತರದಲ್ಲಿ, ಮೊಳದಗಲದ ಪಟ್ಟಿಯೊಂದು ಓಡಿತ್ತು. ಬೇವಿನ ಗೋಂದಿನಲ್ಲಿ ಕಲಸಿದ ನೀಲಿಯ ಗೀರು, ನೀಲಿಯ ಅಕ್ಷರ. ಪಿರಾಮಿಡ್ಡು, ಬುದ್ಧ, ಅಲೆಕ್ಸಾಂಡರ, ಸೂಡಿಯ ಜೋಡು ಗೋಪುರದ ಗುಡಿ, ಬಸವಣ್ಣ, ಅಚ್ಚಿನ ಯಂತ್ರ, ಗುಲಾಮರ ಹಡಗು, ಫ್ರಾನ್ಸಿನ ಕ್ರಾಂತಿ, ನರಗುಂದದ ಬಂಡಾಯ, ಎರಡು ಮಹಾಯುದ್ಧ. ಜಗತ್ತಿನ ಇತಿಹಾಸ ಅಲ್ಲಿ ಐವತ್ತು ಗೇಣಿನಲ್ಲಿ ಮುಗಿದಿತ್ತು. ಗೇಣಿಗೆ ನೂರು ವರುಷ. ಪ್ರತಿ ದಸರೆಗೂ ಆ ಮನೆಗೆ ಸುಣ್ಣ ಬಳಿಯುವವಳು ಲಕ್ಷ್ಮಿಯೇ. ಪಟ್ಟಿಯ ಮೇಲೂ ಕೆಳಗೂ ಬಳಿದು, ಪಟ್ಟಿಗೆ ಒಂದು ಹನಿಯೂ ತಾಗದಂತೆ ಬಿಡುವುದು ಅವಳ ಕೈಗೆ ರೂಢಿಯಾಗಿತ್ತು.

ಆದರೆ ಬಸವಪ್ರಸಾದನ ಕಣ್ಣು ಪಟ್ಟಿಯ ಮೇಲಿರಲಿಲ್ಲ. ಪಟ್ಟಿ ಮುಗಿಯುವಲ್ಲಿ, ಅಡುಗೆಮನೆಯ ಚೌಕಟ್ಟಿನ ಪಕ್ಕಕ್ಕೆ, ನೆಲದಿಂದ ಒಂದೂವರೆ ಗೇಣು ಮೇಲೆ ಹಸಿರು ಎಣ್ಣೆಬಣ್ಣದ ಬರಹವೊಂದಿತ್ತು. ಹದಿನಾಲ್ಕು ವರ್ಷ ಅದರ ಮುಂದೆ ಸೋಫಾ ಇತ್ತು. ಸುಣ್ಣ ಬಳಿಯುವಾಗಲೂ ಅದನ್ನು ಸರಿಸುತ್ತಿರಲಿಲ್ಲ. ಹೆಣ ಕೂರಿಸಲು ಜಾಗ ಬೇಕೆಂದು ಈಗ ನಾಲ್ವರು ಅದನ್ನು ಎತ್ತಿ ಅಂಗಳಕ್ಕೆ ಒಯ್ದಿದ್ದರು. "೧೯೮೮. ಈ ಮನೆಯವರು ಶಿವನಪ್ಪನ ಮಗಳು ಲಕ್ಷ್ಮಿಯ ಸಾಲಿ ಬಿಡಿಸಿದರು" ಎಂದು ಬರಹ ಶುರುವಾಗುತ್ತಿತ್ತು. ಅಕ್ಷರಗಳು ಗೌರವ್ವನವು.

ಬಸವಪ್ರಸಾದ ಗಜೇಂದ್ರಗಡದ ರಸ್ತೆಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆ ಕಟ್ಟಿಸಿದ್ದ. ಬರುವ ಜೂನಿನಲ್ಲಿ ಅದರ ಬಾಗಿಲು ತೆರೆಯುವುದಿತ್ತು. ಬೋರ್ಡಿಗೆ ತಾಯಿಯ ಹೆಸರು ಬರೆಸುವುದೆಂದು ನಸುಕಿನಲ್ಲೇ ಕಮಿಟಿಯವರಿಗೆ ಫೋನು ಮಾಡಿ ಹೇಳಿದ್ದ. ಅವರು ಫೋಟೋದವನನ್ನು ಕರೆದುಕೊಂಡು ಬರುವವರಿದ್ದರು.

"ಆ ಮೂಲಿ ಒಂದ ಬಳೀಬೇಕೇನ್ರಿ, ಇಡೀ ಪಟ್ಟೀನರಿ?" ಲಕ್ಷ್ಮಿ ಕೇಳಿದಳು.

"ಮೂಲಿ ಒಂದ ಬಳದ್ರ ಎದ್ದ ಕಾಣತೈತಿ. ಇಡೀದು ಬಳಿ."

ಎರಡು ಸಾಲು ಮುಚ್ಚಲು ಐದು ಸಾವಿರ ವರ್ಷ ಬಳಿಯಬೇಕಾಗಿತ್ತು. ಲಕ್ಷ್ಮಿ ಪುಂಡಿನಾರಿನ ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ, ಎತ್ತಿ, ತೊಟ್ಟಿಕ್ಕುವುದನ್ನು ನೋಡುತ್ತ ನಿಂತಳು.

"ಹಸೀ ಸುಣ್ಣ ಏನೂ ಮುಚ್ಚಂಗಿಲ್ರಿ, ಸಾವ್ಕಾರ್ರ. ಒಣಗಿದ ಮ್ಯಾಲ ಬೆಳ್ಳಗ ಆಗೂದು. ಈಗ ಬಳದ್ರ ಅವ್ವಾರ ಹೊಸಾ ಸೀರಿಗೆ ಹತ್ತತೈತಿ."

ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಪ್ಪ ಕತ್ತೆತ್ತಿದ. ಅವನು ತೋಟಪ್ಪನ ಚಿಕ್ಕಪ್ಪನ ಮಗ, ಜಕ್ಕಲಿಯವನು. ಎಂಬತ್ತರ ಆಸುಪಾಸು. ಆ ಮನೆತನದಲ್ಲಿ ಉಳಿದ ಹಿರಿಯ ಅವನೊಬ್ಬನೇ.

"ಸತ್ತಾಕಿ ಬೆನ್ನಿಗೆ ಸುಣ್ಣಾ ಬಡೀತಿಯೇನ್ಪಾ, ಬಸ್ಯಾ? ಬಾಗಲ ಬಾಜೂಕ ಕುಂದರಸು. ನಿಮ್ಮವ್ವನ ಬೆನ್ನಾಗ ಮುಚ್ಚಿ ಹೋಗತೈತಿ. ನಾವು ಮಣ್ಣಿಗೆ ಹೋದಾಗ ಆಕಿ ಬಳೀಲಿ. ದೀಪಾ ನೋಡಾಕ ಹೊಳ್ಳಿ ಬರೂದರಾಗ ಒಣಗಿರತೈತಿ."

ಬರೆದವಳ ಬೆನ್ನಿನಿಂದಲೇ ಬರೆದದ್ದನ್ನು ಮುಚ್ಚುವುದೆಂದು ತೀರ್ಮಾನವಾಯಿತು.

* * *

ಆ ಮನೆಗೆ ಬಂದ ದಿನ ಲಕ್ಷ್ಮಿಯ ಹೆಗಲಲ್ಲಿ ಪಾಟಿಚೀಲ ಹಾಗೆಯೇ ಇತ್ತು. ಶಾಲೆಯಿಂದ ನೆಟ್ಟಗೆ ಕರೆತಂದಿದ್ದರು. ತೊಟ್ಟಿಲು ತೂಗಲು ಅವಳಿಗೆ ತೋರಿಸಿದ ಜಾಗ ಅಡುಗೆಮನೆಯ ಬಾಗಿಲ ಪಕ್ಕದ್ದು. ಅಲ್ಲಿಯವರೆಗೆ ಬರಬಹುದು. ಹೊಸ್ತಿಲು ದಾಟುವಂತಿಲ್ಲ.

ಕೂಸು ಹಾಡಿಗೆ ಮಲಗುತ್ತಿರಲಿಲ್ಲ. ಬೇಸತ್ತ ಹುಡುಗಿ ಚೀಲದಿಂದ ಪುಸ್ತಕ ತೆಗೆದು ಓದಿದಳು. ನೈಲ್ ನದಿಯ ಪಾಠ. ಕೂಸು ಕಣ್ಣು ಮುಚ್ಚಿತು. ಮಾರನೆಯ ದಿನವೂ ನೈಲ್ ನದಿ. ಹದಿನೈದು ದಿನ ಅದೇ ನದಿ ಆ ಪಡಸಾಲೆಯಲ್ಲಿ ಹರಿದ ಮೇಲೆ ಗೌರವ್ವ ಒಳಗಿನಿಂದ ಬಂದಳು. ರೋಣದಲ್ಲಿ ಮ್ಯಾಟ್ರಿಕ್ ಪಾಸಾಗಿ, ರಿಸಲ್ಟು ಬಂದ ತಿಂಗಳೇ ಮದುವೆಯಾದ ಹೆಣ್ಣುಮಗಳು ಅವಳು.

"ಎಷ್ಟ ಸಲ ಓದತೀ ಅದನ್ನ? ಮುಂದಿಂದ ಓದಾಕ ಬರಂಗಿಲ್ಲೇನ?"

"ಮುಂದಿಂದ ಇನ್ನ ಕಲಿಸಿಲ್ರಿ, ಅವ್ವಾರ. ಅಷ್ಟರಾಗ ಸಾಲಿ ಬಿಡಿಸ್ಯಾರ."

ಗೌರವ್ವ ಒಳಗೆ ಹೋಗಿ ಬಹಳ ಹೊತ್ತು ಒಲೆ ಊದಿದಳು.

ಗಜೇಂದ್ರಗಡದ ಪೇಟೆಯಲ್ಲಿ ತೋಟಪ್ಪನವರಿಗೆ ಕಿರಾಣಿ ಅಂಗಡಿ. ಪುಡಿಕೆ ಕಟ್ಟಲು ತರಿಸಿದ ರದ್ದಿಯಲ್ಲಿ ಆ ವರ್ಷ ಜಗತ್ತಿನ ಇತಿಹಾಸದ ದಪ್ಪನೆಯ ಪುಸ್ತಕವೊಂದು ಬಂದಿತ್ತು. ರಟ್ಟಿಲ್ಲ, ಬರೆದವರ ಹೆಸರಿಲ್ಲ. ಗೌರವ್ವ ಅದನ್ನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ತರುವ ಹೊತ್ತಿಗೆ ನಡುವಿನ ನಲವತ್ತು ಹಾಳೆ ಗಿರಾಕಿಗಳ ಜೊತೆ ಹೋಗಿದ್ದವು.

ಗೋಡೆ ಅಳೆಯಲು ಬಾಣಂತಿಯ ಸೊಂಟ ಬಗ್ಗುತ್ತಿರಲಿಲ್ಲ. "ನೀ ಅಳಿ" ಎಂದಳು. ಲಕ್ಷ್ಮಿ ಕೂಸನ್ನು ಬಗಲಲ್ಲಿ ಇಟ್ಟುಕೊಂಡು, ಹೆಬ್ಬೆರಳಿಗೂ ಕಿರಿಬೆರಳಿಗೂ ನೀಲಿ ಹಚ್ಚಿಕೊಂಡು, ತಲೆಬಾಗಿಲಿನಿಂದ ಗೇಣು ಹಾಕುತ್ತ ಬಂದಳು.

"ಒಂದ ಗೇಣಿಗೆ ನೂರ ವರ್ಷ."

"ಅವ್ವಾರ, ನನ್ನ ಗೇಣ ಸಣ್ಣದೈತ್ರಿ."

"ಗ್ವಾಡೀನೂ ಸಣ್ಣದೈತಿ. ನಡಿ."

ಐವತ್ತನೆಯ ಗೇಣು ಚೌಕಟ್ಟಿಗೆ ಬಂದು ತಾಗಿತು. ರೋಮ್ ಸಾಮ್ರಾಜ್ಯ ಮುಳುಗುವ ಹಾಳೆಗಳು ಪುಸ್ತಕದಲ್ಲಿ ಇರಲಿಲ್ಲ. ಆ ಜಾಗ ಬಂದಾಗ ಗೌರವ್ವ ಸ್ವಲ್ಪ ಯೋಚಿಸಿ, "ಇದು ಗೊತ್ತಿಲ್ಲ. ಹಾಳಿ ಹರದಾವ" ಎಂದು ಬರೆದಳು. ಅವಳ ಏಳು ವರ್ಷದ ಮಗಳು ಉಮಾಶ್ರೀ ನಕ್ಕಳು.

"ನಗಬ್ಯಾಡ. ಗೊತ್ತಿದ್ದದ್ದನ್ನ ಬರೀಬೇಕು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೀಬೇಕು. ಗೊತ್ತಿದ್ದೂ ಬಿಡಬಾರದು, ಅಷ್ಟ."

* * *

ಹನ್ನೊಂದಕ್ಕೆ ಗೌರವ್ವನನ್ನು ತಂದು ಕೂರಿಸಿದರು. ಹೊಸ ಇಳಕಲ್ ಸೀರೆ, ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಸರ. ತಲೆ ವಾಲದಂತೆ ಗೋಡೆಯ ಗೂಟಕ್ಕೆ ಬಟ್ಟೆ ಬಿಗಿದಿದ್ದರು. ಕೂತ ಗೌರವ್ವನ ನೆತ್ತಿ ಸರಿಯಾಗಿ ಇಪ್ಪತ್ತನೆಯ ಶತಮಾನಕ್ಕೆ ತಾಗಿತ್ತು. ಹಸಿರು ಅಕ್ಷರ ಅವಳ ನಡುವಿನ ಹಿಂದೆ ಕಾಣದಾಯಿತು. ಭಜನೆಯವರು ತಾಳ ಹಿಡಿದರು. ಲಕ್ಷ್ಮಿ ಬಾಗಿಲ ಪಕ್ಕ, ತನ್ನ ಹಳೆಯ ಜಾಗದಲ್ಲಿ, ನಿಂತಳು.

ಟಂಟಂ ಓಡಿಸುವ ಖಾದರ ರಾಜೂರಿನಿಂದ ಬೀಗರನ್ನು ತುಂಬಿಕೊಂಡು ಬಂದವನು ಹೆಣದ ಮುಂದೆ ಮಂಡಿಯೂರಿ ಕೂತ. ಎದುರು ಮನೆಯ ದರ್ಜಿ ಮದರಸಾಬನ ಮಗ. ಆರನೆಯ ಇಯತ್ತೆಯಲ್ಲಿ ಲಕ್ಷ್ಮಿಯ ಜೊತೆಯವನು. ಅವನು ಹತ್ತರವರೆಗೆ ಓದಿದ.

"ಅಜ್ಜಾರ, ಇದ ಪಡಸಾಲ್ಯಾಗ ಅವ್ವಾರು ನೆಪೋಲಿಯನ್ನನ ದಂಡು ಕಟ್ಟಸಿದ್ರು," ಎಂದ ಅಜ್ಜಪ್ಪನಿಗೆ. "ಆರನೂರ ಜ್ವಾಳದ ಕಾಳು ಎಣಿಸಿ,  ಇಲ್ಲಿಂದ ತಲಬಾಗಲ ಮಟಾ ಸಾಲು ಹಚ್ಚಿದ್ವಿ. ಹೊಳಿ ಬಂತು, ಒಂದ ಚಿಟಿಕಿ ತಗೀರಿ ಅನ್ನೋರು. ಥಂಡಿ ಬಿತ್ತು, ಒಂದ ಚಿಟಿಕಿ ತಗೀರಿ ಅನ್ನೋರು. ಹೊಳ್ಳಿ ಊರಿಗೆ ಬರೂದರಾಗ ಹತ್ತೋ ಹನ್ನೆರಡೋ ಉಳದಿದ್ವು."

"ಅವನ್ನೇನ ಮಾಡಿದ್ರಿ?"

"ನಾ ತಿಂದ್ನಿರಿ. ಹಸಿವಾಗಿತ್ತು."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದ ಉಮಾಶ್ರೀಯ ಭುಜವೂ ನಗುವಿಗೆ ಅಲುಗಿತು.

"ಎಲ್ಲಾ ಕಲಿಸಿದ್ರು. ಆದ್ರ ರೋಮ್ ಹ್ಯಾಂಗ ಮುಳುಗಿತು ಅನ್ನೂದು ಇವತ್ತಿಗೂ ಗೊತ್ತಿಲ್ಲ ನನಗ."

"ಅದು ಕೊತಂಬರಿ ಬೀಜಾ ಕಟಗೊಂಡು ಜಕ್ಕಲಿಗೆ ಹೋತು," ಎಂದ ಅಜ್ಜಪ್ಪ. "ತೋಟಪ್ಪಣ್ಣ ಕಟ್ಟಿ ಕೊಟ್ಟ, ನಾನ ಒಯ್ದೆ. ಎಂಟ ದಿನಕ್ಕ ಗೌರವ್ವ ಬಸ್ ಹತ್ತಿ ನಮ್ಮ ಮನಿಗೆ ಬಂದ್ಲು, ಹಾಳಿ ಎಲ್ಲಿ ಅಂತ. ಒಲಿಗೆ ಹಾಕೇವಿ ಅಂದೆ. ಹಂಗಾರ ರೋಮಿಗೆ ಬೆಂಕಿ ಹಚ್ಚಿದವ ನೀನ ನೋಡು ಅಂದು, ಒಂದ ಕಪ್ ಚಾ ಸೈತ ಕುಡೀದ ಹೋದ್ಲು."

ಕಮಿಟಿಯವರ ಕಾರು ಬಂದಾಗ ನಗು ನಿಂತಿತು. ಮೂವರು ಬಿಳಿ ಅಂಗಿಯವರು ದೊಡ್ಡ ಹಾರ ಹಾಕಿ ಕೈಮುಗಿದರು. ಅವರಲ್ಲಿ ಹಿರಿಯರು ಗಂಟಲು ಸರಿಮಾಡಿಕೊಂಡು ನಾಲ್ಕು ಮಾತು ಆಡಿದರು. ತಾಯಿ ಶಿಕ್ಷಣಪ್ರೇಮಿ. ಓಣಿಯ ಮಕ್ಕಳನ್ನು ಮೇಲುಕೀಳೆನ್ನದೆ ಪಡಸಾಲೆಗೆ ಕರೆದು ಜಗತ್ತನ್ನೇ ತೋರಿಸಿದರು. ಅಂಥ ಮನೆತನದಿಂದ ಈಗ ಶಾಲೆಯೊಂದು ಏಳುತ್ತಿರುವುದು ಈ ಭಾಗದ ಪುಣ್ಯ. ಫೋಟೋದವನು ಕ್ಯಾಮೆರಾ ಎತ್ತಿ, ಇಳಿಸಿ, ಬಸವಪ್ರಸಾದನ ಕಿವಿಯಲ್ಲಿ ಏನೋ ಹೇಳಿದ.

"ಲಕ್ಷ್ಮೀ, ಬಾಗಲದಿಂದ ಸರಿ. ಫೋಟೋದಾಗ ಬರ್ತಿ."

ಲಕ್ಷ್ಮಿ ಸರಿದಳು.

* * *

ಶಾಲೆಯ ಗಂಟೆ ಆ ಪಡಸಾಲೆಗೆ ಚೆನ್ನಾಗಿ ಕೇಳುತ್ತಿತ್ತು. ಗೌರವ್ವನ ಪಾಠ ಶುರುವಾಗುತ್ತಿದ್ದುದು ಸಂಜೆಯ ಗಂಟೆ ಹೊಡೆದ ಮೇಲೆ. ಉಳಿದ ಮಕ್ಕಳು ಶಾಲೆಯಿಂದ ಬರುತ್ತಿದ್ದರು. ಲಕ್ಷ್ಮಿ ತೊಟ್ಟಿಲಿನಿಂದ ಬರುತ್ತಿದ್ದಳು.

ಒಂದು ಸಂಜೆ ಗುಲಾಮರ ಹಡಗಿನ ಪಾಠ. ಗೌರವ್ವ ಹನ್ನೆರಡು ಮಕ್ಕಳನ್ನು ಒಂದೇ ಜಮಖಾನೆಯ ಮೇಲೆ ಹೆಗಲಿಗೆ ಹೆಗಲು ಹಚ್ಚಿ ಮಲಗಿಸಿದಳು. ಹೊರಳುವಂತಿಲ್ಲ, ಏಳುವಂತಿಲ್ಲ. "ಹಿಂಗ ಎರಡ ತಿಂಗಳ ಸಮುದ್ರದಾಗ ಹೋಗಬೇಕು" ಎಂದಳು. ಮಕ್ಕಳು ಮೊದಲು ಕಿಸಕ್ಕನೆ ನಕ್ಕರು. ಎಣಿಸುತ್ತ ಇನ್ನೂರು ಮುಟ್ಟುವ ಹೊತ್ತಿಗೆ ಒಬ್ಬೊಬ್ಬರಾಗಿ ಸುಮ್ಮನಾದರು. ಕೂಸು ತೊಡೆಯ ಮೇಲಿದ್ದುದರಿಂದ ಲಕ್ಷ್ಮಿಯನ್ನು ಹಡಗಿಗೆ ಹತ್ತಿಸಿರಲಿಲ್ಲ.

"ಅವ್ವಾರ, ಆ ಗುಲಾಮರಿಗೆ ಮಕ್ಕಳಿದ್ದವೇನ್ರಿ?"

"ಇರ್ತಿದ್ವು."

"ಅವು ಏನ ಮಾಡತಿದ್ವು?"

"ಧಣಿ ಮಕ್ಕಳನ್ನ ಆಡಸತಿದ್ವು."

ಹೇಳಿದ ಮೇಲೆ ತಾನು ಹೇಳಿದ್ದು ಗೌರವ್ವನಿಗೆ ಕೇಳಿಸಿತು. ಬಸವಪ್ರಸಾದ ಲಕ್ಷ್ಮಿಯ ಲಂಗ ತೋಯಿಸಿದ. ಅವಳು ಅದನ್ನು ಹಿಂಡುತ್ತ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಹಂಗಾರ ಈ ಪಟ್ಟ್ಯಾಗ ನಾ ಎಲ್ಲದೀನ್ರಿ?"

ಗೌರವ್ವ ಎದ್ದು ಬಂದು ಕೊನೆಯ ಗೇಣಿನ ಕೊನೆಗೆ, ಚೌಕಟ್ಟಿಗೆ ಬೆರಳಗಲ ಬಿಟ್ಟು, ಬೆರಳಿಟ್ಟಳು. ಆಗಲೇ ಹೊರಗೆ ಅಂಗಡಿಯಿಂದ ಬಂದ ತೋಟಪ್ಪನವರ ಚಪ್ಪಲಿಯ ಸದ್ದಾಯಿತು. ಬೆರಳು ತೆಗೆದಳು.

"ಅಲ್ಲೀಮಟಾ ಇನ್ನ ಬರದಿಲ್ಲ," ಎಂದಳು.

ಅವಳು ಬಾಯಿ ತೆರೆದು ಗಂಡನಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಶಾಲೆ ಮೂರು ಓಣಿ ಆಚೆಗಿತ್ತು. ಅದರ ಬದಲು ಲಕ್ಷ್ಮಿಗೆ ಈಜಿಪ್ತು ಕೊಟ್ಟಳು, ಗ್ರೀಸು ಕೊಟ್ಟಳು, ಚೀನಾದ ಗೋಡೆ ಕೊಟ್ಟಳು. ಹದಿನೇಳಕ್ಕೆ ಮದುವೆಯಾಗಿ ಹೋಗುವಾಗ ಲಕ್ಷ್ಮಿಗೆ ವಾಟರ್ಲೂ ಕದನದ ತಾರೀಖು ಬಾಯಿಪಾಠ ಬರುತ್ತಿತ್ತು. ಆರನೆಯ ಇಯತ್ತೆ ಪಾಸಾದ ಕಾಗದ ಇರಲಿಲ್ಲ. ಅಂಗನವಾಡಿಯ ಕೆಲಸಕ್ಕೆ ಹೋಗಿ ಕೇಳಿದಾಗ ಅವರು ಕೇಳಿದ್ದು ಕಾಗದ. ವಾಟರ್ಲೂ ಯಾರೂ ಕೇಳಲಿಲ್ಲ.

* * *

ಮೂರೂವರೆಗೆ ಹೆಣ ಹೊರುವ ವಿಮಾನ ಸಿದ್ಧವಾಯಿತು. ಲಕ್ಷ್ಮಿಯ ಗಂಡ ಯಮನೂರ ಅದಕ್ಕೆ ಬಾಳೆಕಂಬ ಕಟ್ಟಿ, ಕೈತೊಳೆಯಲು ಹಿತ್ತಲಿಗೆ ಬಂದ.

"ಬಳದ ಬಿಡು. ಅವರ ಗ್ವಾಡಿ, ಅವರ ಸುಣ್ಣ."

"ಕೈ ನಂದಲ್ಲ?"

"ಹಾದಿ ಅವರದು." ಅವನು ದನಿ ತಗ್ಗಿಸಿದ. ಅವರ ಎರಡೆಕರೆ ಇದ್ದದ್ದು ಬಸವಪ್ರಸಾದನ ಹೊಲದ ಆಚೆಗೆ. ಚಕ್ಕಡಿ ಹೋಗಲು ಅವನ ಬದುವಿನ ಮೇಲಿನ ಹಾದಿಯೊಂದೇ ಇತ್ತು. "ಮುಂಗಾರಿ ಬಂತು. ಬೀಜಾ ತಲೀಮ್ಯಾಲ ಹೊತಗೊಂಡ ಹೋಗೋಣೇನ?"

ಲಕ್ಷ್ಮಿ ಅವನ ಕೈಗೆ ನೀರು ಹಾಕಿದಳು.

ಗೌರವ್ವನನ್ನು ಎತ್ತಿದರು. ಬಟ್ಟೆಯ ಗಂಟು ಬಿಚ್ಚಿದಾಗ ತಲೆ ಒಂದು ಗಳಿಗೆ ಉಮಾಶ್ರೀಯ ಭುಜಕ್ಕೆ ಒರಗಿತು. ಅವಳು ಕಣ್ಣೊರೆಸಿಕೊಂಡು ತಮ್ಮನಿಗೆ ಹೇಳಿದಳು.

"ಲಕ್ಷ್ಮಕ್ಕನೂ ಬರ್ಲಿ. ಅವ್ವಗ ಒಂದ ಹಿಡಿ ಮಣ್ಣು ಕೊಡ್ಲಿ."

"ಆಕಿಗೆ ಮನ್ಯಾಗ ಕೆಲಸೈತಿ." ಎಲ್ಲರೂ ಅಂಗಳಕ್ಕಿಳಿದ ಮೇಲೆ ಬಸವಪ್ರಸಾದ ಹಿಂದೆ ಉಳಿದು ಮೆಲ್ಲಗೆ ಸೇರಿಸಿದ: "ಬದುವಿನ ಮ್ಯಾಗಿನ ಹಾದಿ ಈ ಸಲ ನೇಗಿಲಾ ಹೊಡಸಬೇಕಂತ ಮಾಡೇನಿ. ಇನ್ನ ಖಾತ್ರಿ ಮಾಡಿಲ್ಲ. ನೋಡೂಣು."

ಭಜನೆ ಓಣಿ ತಿರುಗಿ, ತೋಟದ ಕಡೆ ಸಾಗಿ, ಕೇಳದಾಯಿತು.

* * *

ತೋಟಪ್ಪನವರು ತೀರಿಕೊಂಡ ವರ್ಷ, ಅವರ ಕಾರ್ಯ ಮುಗಿದು ಬೀಗರು ಹೋದ ಮರುದಿನ, ಗೌರವ್ವ ಲಕ್ಷ್ಮಿಗೆ ಹೇಳಿ ಕಳಿಸಿದ್ದಳು. ಹೋದಾಗ ಅಡುಗೆಮನೆಯ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಮಂಡಿನೋವಿನ ಹೆಂಗಸು ನೆಲಕ್ಕೆ ಕೂತದ್ದು ನೋಡಿ ಲಕ್ಷ್ಮಿಗೆ ಬಿದ್ದಳೇನೋ ಅನ್ನಿಸಿತು.

"ಬಾಗಲಕ್ಕ ಹಚ್ಚಿದ ಹಸರ ಬಣ್ಣ ಉಳದೈತಿ. ತಗೊಂಡ ಬಾ."

"ನೀಲಿ ಕಲಸ್ಲೇನ್ರಿ?"

"ಬ್ಯಾಡ. ಎಣ್ಣಿ ಬಣ್ಣದ ಮ್ಯಾಲ ಸುಣ್ಣ ನಿಂದ್ರಂಗಿಲ್ಲ ಅಂತ ನೀನ ಹೇಳಿದ್ದಿ."

ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ ಅದ್ದಿ, ಎರಡು ಸಾಲು ಬರೆದಳು. ಎರಡನೆಯದು ಸಣ್ಣದು. ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

"ಇಷ್ಟ ಕೆಳಗ ಯಾಕ್ರಿ?"

"ನೀ ಕುಂದರತಿದ್ದ ಎತ್ತರ ಇಷ್ಟ."

ಲಕ್ಷ್ಮಿ ಓದಿದಳು. ಓದಿ ಸಂತೋಷವಾಗಲಿಲ್ಲ. ಇಪ್ಪತ್ತಮೂರು ವರ್ಷ ಹೊಟ್ಟೆಯಲ್ಲಿ ಕೂತಿದ್ದ ಮಾತು ಹೊರಗೆ ಬಂತು.

"ಬರದ್ರೇನ ಬಂತ್ರಿ, ಅವ್ವಾರ. ನನ್ನ ಸಾಲಿ ಹೊಳ್ಳಿ ಬರ್ತೈತೇನ್ರಿ?"

"ಬರಂಗಿಲ್ಲ. ಬರೂದಿದ್ರ ಯಾಕ ಬರೀತಿದ್ದೆ?"

"ಸಾವ್ಕಾರ್ರು ಇದ್ದಾಗ ಬರೀಬೇಕಾಗಿತ್ತ್ರಿ."

ಗೌರವ್ವ ಕಡ್ಡಿಯನ್ನು ಮತ್ತೆ ಬಣ್ಣಕ್ಕೆ ಅದ್ದಿದಳು. "ಖರೇ. ಅದನ್ನೂ ಬರೀಲೇನ?"

"ಜಾಗಿಲ್ರಿ," ಎಂದು ಲಕ್ಷ್ಮಿ ಡಬ್ಬಿ ಎತ್ತಿಕೊಂಡು ಎದ್ದುಬಿಟ್ಟಳು.

ಮುಂದಿನ ಗುರುವಾರ ಬಸವಪ್ರಸಾದ ಗದಗಿನಿಂದ ಸೋಫಾ ತರಿಸಿದ.

* * *

ಮನೆ ಖಾಲಿಯಾದ ಮೇಲೆ ಲಕ್ಷ್ಮಿ ಮಾಡಬೇಕಾದದ್ದನ್ನು ಒಂದೊಂದಾಗಿ ಮಾಡಿದಳು. ಹೂವಿನ ಎಸಳು ಗುಡಿಸಿದಳು. ಹೆಣ ಕೂತಿದ್ದ ಜಾಗವನ್ನು ಸಗಣಿಯಲ್ಲಿ ಸಾರಿಸಿದಳು. ನಡುವೆ ಜೋಳದ ಸಣ್ಣ ರಾಶಿ ಮಾಡಿ ಅದರ ಮೇಲೆ ಹಣತೆ ಇಟ್ಟು ಹಚ್ಚಿದಳು. ಮಣ್ಣಿನಿಂದ ಬಂದವರು ಈ ದೀಪಕ್ಕೆ ಬಗ್ಗಿ ಕೈಮುಗಿದೇ ಮನೆಗೆ ಹೋಗಬೇಕು.

ಆಮೇಲೆ ಕುಂಚ ಎತ್ತಿದಳು.

ಹಾದಿ ನೆನಪಾಯಿತು. ಬದುವಿನ ಮೇಲೆ ಬೀಜದ ಚೀಲ ಹೊತ್ತು ಹೋಗುವ ಗಂಡನ ಬೆನ್ನು ನೆನಪಾಯಿತು. ಮೊದಲು ಮೂಲೆಯದೇ ಮುಗಿಯಲೆಂದು ಕೂತು ಹಸಿರು ಅಕ್ಷರದ ಮೇಲೆ ಒಂದು ಕೈ ಎಳೆದಳು. ಹಸಿ ಸುಣ್ಣ ನೀರಿನಂತೆ ಇಳಿಯಿತು. ಅಕ್ಷರ ಅದರೊಳಗಿನಿಂದ ಹಾಗೆಯೇ ಕಾಣುತ್ತಿತ್ತು. ಒಣಗಲೆಂದು ಕಾದಳು.

"ಲಕ್ಷ್ಮವ್ವ, ಇದನ್ನ ಯಾರ ಬರದಾರ?"

ಬಸವಪ್ರಸಾದನ ಮಗಳು ಚಿನ್ನು. ಒಂಬತ್ತು ವರ್ಷ. ಮಣ್ಣಿಗೆ ಮಕ್ಕಳನ್ನು ಒಯ್ಯುವುದಿಲ್ಲವೆಂದು ಬಿಟ್ಟುಹೋಗಿದ್ದರು. ಅತ್ತು ಮಲಗಿ ಎದ್ದು ಬಂದಿದ್ದಳು.

"ನಿಮ್ಮಮ್ಮ. ನಿಮ್ಮಪ್ಪನ ಅವ್ವ."

ಹುಡುಗಿ ದೀಪದ ಪಕ್ಕ ಕೂತಳು. ಕನ್ನಡ ಅವಳಿಗೆ ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು. "ಈ... ಮನೆ... ಯವರು... ಶಿವ... ನಪ್ಪನ... ಮಗಳು..." ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತಿತ್ತು. ಮೇ ತಿಂಗಳ ಬಿಸಿಗಾಳಿಗೆ ಸುಣ್ಣ ಅದರ ಹಿಂದೆಯೇ ಬೆಳ್ಳಗಾಗುತ್ತ ಬರುತ್ತಿತ್ತು. "ಲಕ್ಷ್ಮಿಯ... ಸಾಲಿ... ಲಕ್ಷ್ಮಿ ಅಂದ್ರ ನೀನಾ?"

"ಹೂಂ."

"ಬಿಡಿ... ಸಿ... ದರು." ಎರಡನೆಯ ಸಾಲಿಗೆ ಬಂದಳು. "ನಾ... ನು..." ಮುಖ ಗೋಡೆಗೆ ತಂದಳು. "ಮುಂದಿಂದ ಕಾಣವಲ್ದು, ಲಕ್ಷ್ಮವ್ವ. ಏನೈತಿ ಮುಂದ?"

ಲಕ್ಷ್ಮಿ ಬಾಯಿ ತೆರೆದಳು. ಗೊತ್ತಿಲ್ಲ ಅನ್ನಬಹುದಿತ್ತು. ಹಾಳೆ ಹರಿದಿರಲಿಲ್ಲ.

ಸೆರಗಿನ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿ ಗೋಡೆ ಒರೆಸಿದಳು. ಎಣ್ಣೆಬಣ್ಣದ ಮೇಲೆ ಸುಣ್ಣ ಇನ್ನೂ ಹಿಡಿದಿರಲಿಲ್ಲ. ಅದರ ಜೊತೆ ಹದಿನಾಲ್ಕು ವರ್ಷದ ಧೂಳೂ ಬಂತು. ಅಕ್ಷರಗಳು ಗೌರವ್ವ ಬರೆದ ದಿನ ಹೇಗಿದ್ದವೋ ಹಾಗೆ ಹಸಿರಾಗಿ ಎದ್ದವು.

"ಈಗ ಓದು."

"ನಾನು... ಸುಮ್ಮ... ನಿದ್ದೆ." ಹುಡುಗಿ ತಿರುಗಿ ನೋಡಿದಳು. "ಯಾಕ ಸುಮ್ಮನಿದ್ಲು ಅಮ್ಮ?"

"ಅದನ್ನ ಬರದಿಲ್ಲ," ಎಂದಳು ಲಕ್ಷ್ಮಿ. ಒದ್ದೆ ಸೆರಗನ್ನು ಹಿಂಡಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಚಿನ್ನು ಎದ್ದು ನೀಲಿ ಪಟ್ಟಿಯ ಗೀರುಗಳ ಮೇಲೆ ತನ್ನ ಕೈ ಹರಡಿ ನೋಡುತ್ತ ಹಿಂದಕ್ಕೆ, ತಲೆಬಾಗಿಲ ಕಡೆಗೆ ಹೋಗುತ್ತಿದ್ದಳು. ಪ್ರತಿ ಗೀರಿಗೂ ಅವಳ ಗೇಣು ಬರೋಬ್ಬರಿ ಕೂಡುತ್ತಿತ್ತು.

ಹೊತ್ತು ಮುಳುಗುವ ಮುಂದೆ ಮಣ್ಣಿನವರು ಬಂದರು. ಅಂಗಳದಲ್ಲಿ ಕಾಲು ತೊಳೆದುಕೊಂಡು ಒಬ್ಬರ ಹಿಂದೆ ಒಬ್ಬರು ಪಡಸಾಲೆ ಹೊಕ್ಕರು. ಮೊದಲು ಅಜ್ಜಪ್ಪ. ಕೋಲು ಊರಿ, ದೀಪಕ್ಕೆ ಬಗ್ಗಿ, ಕೈಮುಗಿದವನು ಹಾಗೆಯೇ ಬಗ್ಗಿ ನಿಂತ. ಅಂಗಿಯ ಕಿಸೆಯಿಂದ ಚಾಳೀಸು ತೆಗೆದು ಹಾಕಿಕೊಂಡ. ವಯಸ್ಸಾದವರ ರೂಢಿಯಂತೆ ಬಾಯಿಬಿಟ್ಟೇ ಓದಿದ. ಕೊನೆಯ ಎರಡು ಶಬ್ದ ಓದುವಾಗ ದನಿ ಇಳಿಯಿತು. ಅವನ ಹಿಂದೆ ಖಾದರ ಬಗ್ಗಿದ, ಓದಿದ, ಅತ್ತ ಸರಿದ. ಅವನ ಹಿಂದೆ ಉಮಾಶ್ರೀ. ಅವಳ ಹಿಂದೆ ಓಣಿಯವರು, ಅಂಗಳದವರೆಗೂ ಸಾಲು. ದೀಪ ನೋಡಬೇಕೆಂದರೆ ಬಗ್ಗಬೇಕಾಗಿತ್ತು. ಬಗ್ಗಿದವರಿಗೆ ಕಾಣುತ್ತಿತ್ತು.

ಸಾಲು ಸರಿಸಿಕೊಂಡು ಬಸವಪ್ರಸಾದ ಬಂದ. ತೋಟದ ಕೆಂಪು ಮಣ್ಣು ಅವನ ಮೊಣಕೈಗೆ ಇನ್ನೂ ಹತ್ತಿತ್ತು.

"ಬಳದಿಲ್ಲ?"

"ಬಳದಿದ್ನಿರಿ. ಒರಸೀನಿ."

"ದೀಪಾ ಅತ್ತಾಗ ಸರಸು."

"ಹೆಣಾ ಕುಂತಲ್ಲೆ ದೀಪಾ ಇರಬೇಕ್ರಿ. ಅಜ್ಜಾರನ್ನ ಕೇಳ್ರಿ."

ಅಜ್ಜಪ್ಪ ಚಾಳೀಸು ಮಡಿಚುತ್ತಿದ್ದ. ಮಡಿಚಿದ್ದನ್ನು ಮತ್ತೆ ಬಿಡಿಸಿ ಮತ್ತೆ ಮಡಿಚಿದ.

"ಹಂಗಾರ ಕುಂಚಾ ತಗೋ. ಎಲ್ಲಾರ ಮುಂದ ಬಳಿ."

"ಒಲ್ಲೆನ್ರಿ."

"ಲಕ್ಷ್ಮೀ. ಹಾದಿ ಮಾತು ಹೇಳಿ ಹೋಗಿದ್ದೆ."

"ಹೊಡಸ್ರಿ ನೇಗಿಲಾ." ಅವಳು ಅಡುಗೆಮನೆಯ ಹೊಸ್ತಿಲ ಆಚೆಗೆ, ಬರಿಯ ಗೋಡೆಯ ಕಡೆಗೆ ಕಣ್ಣು ಹೊರಳಿಸಿದಳು. "ಬಾಗಲ ಆ ಕಡೆ ಗ್ವಾಡಿ ಖಾಲಿ ಐತಿ."

ಸಾಲಿನಲ್ಲಿದ್ದ ಯಮನೂರ ತಲೆ ತಗ್ಗಿಸಿದ. ಆಮೇಲೆ ಎತ್ತಿದ. ಬಕೆಟ್ಟಿನ ಸುಣ್ಣದ ಮೇಲೆ ಕೆನೆ ಕಟ್ಟಿತ್ತು.

"ಏಳು ಅಲ್ಲಿಂದ," ಎಂದ ಬಸವಪ್ರಸಾದ.

ಅವನು ತೊಟ್ಟಿಲಲ್ಲಿ ಅತ್ತರೆ ಎದ್ದವಳು. ಶಾಲೆಯಿಂದ ಬಂದರೆ ಎದ್ದವಳು. ಮೀಸೆ ಬಂದ ಮೇಲೆ ಈ ಪಡಸಾಲೆಗೆ ಅವನು ಕಾಲಿಟ್ಟಾಗಲೆಲ್ಲ, ಕೈಯಲ್ಲಿ ಏನಿದ್ದರೂ ಬಿಟ್ಟು ಎದ್ದು ನಿಂತವಳು.

ಲಕ್ಷ್ಮಿ ಎಣ್ಣೆಯ ಗಿಂಡಿಯನ್ನು ಹತ್ತಿರ ಎಳೆದುಕೊಂಡಳು. ಗೌರವ್ವ ಒರಗಿದ್ದ ಗೋಡೆಗೆ ಬೆನ್ನು ಹಚ್ಚಿ ಕೂತಲ್ಲಿಂದಲೇ ಕೈ ಚಾಚಿ, ಬತ್ತಿ ಮುಳುಗದಂತೆ ನಿಧಾನವಾಗಿ ಹಣತೆಗೆ ಎಣ್ಣೆ ಹಾಕಿದಳು.